ಅರಗು ಹಾಕಿದ ಪ್ರಶ್ನೆಪತ್ರಿಕೆ

ಮೇ ಮೂರನೆಯ ತಾರೀಖು, ಭಾನುವಾರ, ಬೆಳಿಗ್ಗೆ ಆರು ಗಂಟೆ ಹದಿನೈದು ನಿಮಿಷಕ್ಕೆ ದೇವೇಂದ್ರಪ್ಪ ಸ್ಯಾನ್ ಮಟಿಯೋದಲ್ಲಿರುವ ಮಗಳ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ನಿಂತು ಒಂದು ಕಂದು ಕವರಿಗೆ ಅರಗಿನ ಮುದ್ರೆ ಹಾಕುತ್ತಿದ್ದರು. ಅರಗಿನ ಕಡ್ಡಿ ಗದಗಿನಿಂದ ತಂದದ್ದು. ಮೇಣದಬತ್ತಿ ಮೊಮ್ಮಗಳು ಗಾರ್ಗಿಯ ಹುಟ್ಟುಹಬ್ಬದಲ್ಲಿ ಉಳಿದದ್ದು. ಮೂರನೆಯ ಮುದ್ರೆ ಬೀಳುವಷ್ಟರಲ್ಲಿ ಸೂರಿನಲ್ಲಿದ್ದ ಹೊಗೆಯ ಅಲಾರಾಂ ಕಿರುಚಿಕೊಂಡು ಮನೆಯವರೆಲ್ಲ ಎದ್ದು ಬಂದರು.

"ಅಜ್ಜಾ, ಆರ್ ಯು ಬರ್ನಿಂಗ್ ದ ಹೌಸ್ ಡೌನ್?" ಎಂದಳು ಹತ್ತು ವರ್ಷದ ಗಾರ್ಗಿ.

"ಇಲ್ಲವ್ವ. ಪ್ರಶ್ನೆಪತ್ರಿಕಿ ಭದ್ರ ಮಾಡಾಕತ್ತೀನಿ."

ಕವರಿನೊಳಗೆ ಇದ್ದದ್ದು ಅಮೆರಿಕದ ಪೌರತ್ವ ಪರೀಕ್ಷೆಯ ನೂರ ಇಪ್ಪತ್ತೆಂಟು ಪ್ರಶ್ನೆಗಳು ಮತ್ತು ಅವುಗಳ ಉತ್ತರಗಳು. ಸರ್ಕಾರವೇ ಎಲ್ಲರಿಗೂ ಬಿಟ್ಟಿಯಾಗಿ ಕೊಡುವ ಪಟ್ಟಿ ಅದು. ಮಗಳು ನಿವೇದಿತಾ ಆಫೀಸಿನಲ್ಲಿ ಪ್ರಿಂಟು ತೆಗೆದು ತಂದಿದ್ದಳು. ದೇವೇಂದ್ರಪ್ಪ ಅದನ್ನು ಒಂದು ಸಾಲೂ ಓದದೆ, ಮಡಿಸಿ, ಕವರಿಗೆ ಹಾಕಿ, ಅಂಟಿಸಿದ ಜಾಗದ ಮೇಲೆ ಅಡ್ಡಲಾಗಿ ಸಹಿ ಮಾಡಿ, ತಾರೀಖು ಮತ್ತು ಸಮಯ ಬರೆದು, ಬಟ್ಟೆ ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟರು. ಪರೀಕ್ಷೆಗೆ ಇನ್ನು ಒಂಬತ್ತು ದಿನ ಇತ್ತು.

ಇದು ಹುಚ್ಚಲ್ಲ, ಮೂವತ್ತನಾಲ್ಕು ವರ್ಷಗಳ ಅಭ್ಯಾಸ. ದೇವೇಂದ್ರಪ್ಪ ಗದಗಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು; ಅದರಲ್ಲಿ ಹತ್ತೊಂಬತ್ತು ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರು. 1994ರ ಮಾರ್ಚಿನಲ್ಲಿ ಗಣಿತದ ಪರೀಕ್ಷೆಯ ದಿನ, ಬೆಳಿಗ್ಗೆ ಏಳು ಐವತ್ತಕ್ಕೆ, ಶಾಲೆಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೈಬರಹದ ಒಂದು ಹಾಳೆ ಅವರ ಕಣ್ಣಿಗೆ ಬಿತ್ತು. ಕವರು ಒಡೆದು ತಾಳೆ ನೋಡಿದರೆ ಹನ್ನೊಂದು ಪ್ರಶ್ನೆ ಅಕ್ಷರಶಃ ಅವೇ. ತಮ್ಮ ಕೇಂದ್ರದ ಪರೀಕ್ಷೆಯನ್ನು ತಾವೇ ಇಲಾಖೆಗೆ ಪತ್ರ ಬರೆದು ರದ್ದು ಮಾಡಿಸಿದರು. ಇನ್ನೂರ ಹನ್ನೆರಡು ಮಕ್ಕಳು ಮೂರು ವಾರ ಬಿಟ್ಟು ಮತ್ತೆ ಕೂತರು. ಅವರಲ್ಲಿ ಒಬ್ಬ ಸ್ವಂತ ತಮ್ಮನ ಮಗ. ಎರಡು ವರ್ಷ ಊರಿನ ಯಾರೂ ಅವರನ್ನು ಮದುವೆಗೆ ಕರೆಯಲಿಲ್ಲ. ಅವರೇನೂ ಕೊರಗಲಿಲ್ಲ. ಉತ್ತರ ಮೊದಲೇ ಕೈಯಲ್ಲಿದ್ದರೆ ಅದು ಪರೀಕ್ಷೆಯಲ್ಲ ಎಂಬುದು ಅವರಿಗೆ, ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂಬಷ್ಟೇ ಖಚಿತ.

ಈಗ ಅವರಿಗೆ ಅರವತ್ತೆಂಟು. ಹಸಿರು ಕಾರ್ಡು, ಅಂದರೆ ಅಮೆರಿಕದಲ್ಲಿ ಕಾಯಂ ವಾಸದ ಪರವಾನಗಿ, ಸಿಕ್ಕಿ ಆರು ವರ್ಷ. ಪ್ರತಿ ಚಳಿಗಾಲ ಗದಗಿಗೆ ಹೋಗಿ, ಮುಳಗುಂದ ನಾಕಾದ ಹತ್ತಿರ ಒಂದು ಗೋದಾಮಿನ ಕೋಣೆಯಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರಿಗೆ ಪುಕ್ಕಟೆ ಪಾಠ ಮಾಡುತ್ತಾರೆ. ರಿಪೀಟರ್ ಕ್ಲಾಸು ಎಂದು ಊರಿನವರು ಕರೆಯುತ್ತಾರೆ. ಈ ವರ್ಷ ಮೂವತ್ತೆಂಟು ಜನ ಇದ್ದರು. ಅಮೆರಿಕದ ಹೊರಗೆ ನೂರ ಎಂಬತ್ತು ದಿನ ದಾಟಿದರೆ ಕಾರ್ಡಿಗೆ ತೊಂದರೆ ಎಂದು ತಿಳಿದಿದ್ದ ದೇವೇಂದ್ರಪ್ಪ ಅಕ್ಟೋಬರ್ ಇಪ್ಪತ್ತೊಂಬತ್ತಕ್ಕೆ ಹೋಗಿ ಏಪ್ರಿಲ್ ಇಪ್ಪತ್ತೆರಡಕ್ಕೆ ಬಂದಿದ್ದರು. ಲೆಕ್ಕಕ್ಕೆ ನೂರ ಎಪ್ಪತ್ತೈದು. ಆದರೂ ವಿಮಾನ ನಿಲ್ದಾಣದ ಅಧಿಕಾರಿ ಅವರನ್ನು ಪಕ್ಕದ ಕೋಣೆಯಲ್ಲಿ ಒಂದೂವರೆ ಗಂಟೆ ಕೂರಿಸಿದ. ಪ್ರತಿ ವರ್ಷವೂ ಹೀಗೆ ಅರ್ಧ ವರ್ಷ ಹೊರಗಿದ್ದರೆ ನೀವು ಇಲ್ಲಿ ವಾಸಿಸುತ್ತಿಲ್ಲ ಎಂದೇ ಅರ್ಥ, ಮುಂದಿನ ಸಲ ಕಾರ್ಡು ಹೋಗಬಹುದು ಎಂದ. ಅಂದರೆ ಎರಡೇ ದಾರಿ: ಪೌರತ್ವ ಸಿಗಬೇಕು, ಇಲ್ಲವೇ ನವೆಂಬರಿನ ರಿಪೀಟರ್ ಕ್ಲಾಸು ಬಿಡಬೇಕು.

ಹೆಂಡತಿ ನೀಲಾಬಾಯಿ ಈ ತಾಪತ್ರಯವನ್ನು ಫೆಬ್ರವರಿಯಲ್ಲೇ ಮುಗಿಸಿದ್ದರು. ಅವರು ಅರ್ಜಿ ಹಾಕಿದ್ದು ಸೆಪ್ಟೆಂಬರಿನಲ್ಲಿ, ಹಳೆಯ ಪದ್ಧತಿಯಲ್ಲಿ: ನೂರು ಪ್ರಶ್ನೆಯ ಪಟ್ಟಿ, ಕೇಳುವುದು ಹತ್ತು, ಆರು ಸರಿಯಾದರೆ ಪಾಸು. ರೊಟ್ಟಿ ಬಡಿಯುತ್ತ ಮೊಬೈಲಿನಲ್ಲಿ ಉತ್ತರ ಕೇಳಿಕೊಂಡೇ ಬಾಯಿಪಾಠ ಮಾಡಿದರು. ಹೆಂಡತಿ ಅರ್ಜಿ ಹಾಕಿದಾಗ ದೇವೇಂದ್ರಪ್ಪ ತಮ್ಮ ಅರ್ಜಿಯನ್ನು ನಾಲ್ಕನೆಯ ಸಲ ತಿದ್ದುತ್ತಿದ್ದರು. ಅವರದು ಹೋದದ್ದು ಅಕ್ಟೋಬರ್ ಇಪ್ಪತ್ತೈದಕ್ಕೆ. ಹೊಸ ಪದ್ಧತಿ ಜಾರಿಯಾದದ್ದು ಅಕ್ಟೋಬರ್ ಇಪ್ಪತ್ತಕ್ಕೆ. ಐದು ದಿನದಲ್ಲಿ ಅವರ ಪಾಲಿಗೆ ಪಟ್ಟಿ ನೂರ ಇಪ್ಪತ್ತೆಂಟಾಯಿತು, ಕೇಳುವುದು ಇಪ್ಪತ್ತಾಯಿತು, ಪಾಸಾಗಲು ಹನ್ನೆರಡು ಬೇಕಾಯಿತು.

ಕವರಿಗೆ ಅರಗು ಬೀಳಲು ಕಾರಣ ಹಿಂದಿನ ದಿನ, ಶನಿವಾರ, ವಾಲ್ನಟ್ ಕ್ರೀಕಿನಲ್ಲಿ ನಡೆದ ಚರ್ಚಾಕೂಟ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಕನ್ನಡಿಗರ ಸಂಘವಾದ ಕೊಲ್ಲಿ ಕನ್ನಡ ಬಳಗದವರು ಯುಗಾದಿಯನ್ನು, ಹಾಲು ಸಿಗಲಿಲ್ಲವೆಂದು, ಆರು ವಾರ ತಡವಾಗಿ ಆಚರಿಸುತ್ತಿದ್ದರು. ಹಾಲು ಎಂದರೆ ಸಭಾಂಗಣ. ಬೇವು-ಬೆಲ್ಲ ಕಾಗದದ ಕಪ್ಪಿನಲ್ಲಿ ಬಂತು. ಬೆಲ್ಲ ಮಾತ್ರ ಖಾಲಿಯಾಯಿತು. ಚರ್ಚೆಯ ವಿಷಯ: ಪೌರತ್ವ ಪರೀಕ್ಷೆ ಇನ್ನೂ ಕಠಿಣವಾಗಬೇಕು. ಆರು ಜನ ಭಾಷಣಕಾರರಲ್ಲಿ ಐವರು ಕಠಿಣವಾಗಬೇಕು ಎಂದರು. ಐವರೂ ಹಳೆಯ ಸುಲಭದ ಪರೀಕ್ಷೆಯಲ್ಲಿ ಪಾಸಾದವರು. ಐವರ ತಂದೆತಾಯಿಯರೂ ಸಭೆಯಲ್ಲಿ ಕೂತಿದ್ದರು ಮತ್ತು ಅವರಲ್ಲಿ ಮೂವರು ಇನ್ನೂ ಪರೀಕ್ಷೆಗೆ ಕೂರಬೇಕಿತ್ತು. ಬಾಗಿಲೊಳಗೆ ಕಾಲಿಟ್ಟ ಮೇಲೆ ಹೊಸ್ತಿಲು ಇನ್ನೆರಡಡಿ ಏರಲಿ ಎಂದು ಕೈಯೆತ್ತುವ ಈ ಉತ್ಸಾಹಕ್ಕೆ ಸಭೆ ಚಪ್ಪಾಳೆ ತಟ್ಟಿತು. ತಟ್ಟಿದವರಲ್ಲಿ ಆ ಮೂವರೂ ಇದ್ದರು.

ದೇವೇಂದ್ರಪ್ಪನವರಿಗೆ ಕೊಟ್ಟ ಕೆಲಸ ಗಂಟೆ ಬಾರಿಸುವುದು. ಒಬ್ಬೊಬ್ಬರಿಗೆ ನಾಲ್ಕು ನಿಮಿಷ. ಕೊನೆಯ ಭಾಷಣಕಾರ ಮಧ್ವೇಶ, ಮೈಸೂರಿನವನು, ಮೆನ್ಲೋ ಪಾರ್ಕಿನ ಒಂದು ಕಂಪನಿಯಲ್ಲಿ ಮ್ಯಾನೇಜರು. ರೇಷ್ಮೆ ಜುಬ್ಬಾದ ಮೇಲೆ ಎರಡು ದೇಶದ ಬಾವುಟ ಸೇರಿಸಿ ಮಾಡಿದ ಪಿನ್ನು ಚುಚ್ಚಿಕೊಂಡಿದ್ದ.

"ನೋಡಿ, ಐ ಲವ್ ದಿಸ್ ಕಂಟ್ರಿ. ಸಿಟಿಜನ್‌ಶಿಪ್ಪು ಏನು ಕೂಪನ್ನಾ? ಇಲ್ಲಿನ ಹಿಸ್ಟರಿ ಗೊತ್ತಿಲ್ಲ, ವ್ಯಾಲ್ಯೂಸ್ ಗೊತ್ತಿಲ್ಲ, ಸುಮ್ನೆ ಬಂದು ಓಟ್ ಹಾಕ್ತೀವಿ ಅಂದ್ರೆ ಈ ದೇಶದ ಐಡೆಂಟಿಟಿ ಏನಾಗ್ಬೇಕು? ನಾವೆಲ್ಲ ಕಷ್ಟಪಟ್ಟು ಆಗಿದ್ದೀವಿ. ಟೆಸ್ಟು ಟಫ್ ಇದ್ರೇನೇ ಅದಕ್ಕೊಂದು ಬೆಲೆ!"

ಐದು ನಿಮಿಷ ಹತ್ತು ಸೆಕೆಂಡಾಗಿತ್ತು. ದೇವೇಂದ್ರಪ್ಪ ಎರಡನೆಯ ಗಂಟೆ ಬಾರಿಸಿ, ಎದ್ದು ನಿಂತರು.

"ಮಧ್ವೇಶ ಅವರ, ಒಂದು ಸಣ್ಣ ಸಂಶಯ. ನಿಮಗ ಎಷ್ಟ ಪ್ರಶ್ನಿ ಕೇಳಿದ್ರು?"

"ಹತ್ತು ಇರತ್ತೆ ಅಂಕಲ್. ನಂಗೆ ಫಸ್ಟ್ ಆರೂ ಕರೆಕ್ಟ್, ಅಲ್ಲಿಗೇ ಸ್ಟಾಪ್ ಮಾಡಿದ್ರು."

"ಉತ್ತರ ಮೊದಲ ನಿಮ್ಮ ಕೈಯಾಗ ಇದ್ವು?"

"ಆಫ್‌ಕೋರ್ಸ್. ಅವ್ರೇ ಕೊಡ್ತಾರಲ್ಲ. ಒಂದು ವಾರ ಕಾರಲ್ಲಿ ಆಡಿಯೋ ಹಾಕ್ಕೊಂಡು ಆಫೀಸಿಗೆ ಹೋದೆ, ಅಷ್ಟೇ."

"ಹಂಗಾದ್ರ ನಿಮ್ಮ ದೇಶಪ್ರೇಮ ಆರು ಪ್ರಶ್ನಿದ್ದು. ಅದೂ ಪೇಪರ್ ಔಟ್ ಆಗಿದ್ದು."

ಹಿಂದಿನ ಸಾಲಿನ ಹುಡುಗಿಯರು ಜೋರಾಗಿ ನಕ್ಕರು. ಮಧ್ವೇಶನೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು.

"ಅಂಕಲ್, ನಿಮ್ಮದು ಹನ್ನೆರಡನೇ ತಾರೀಖು ಅಲ್ವಾ? ಮೊದ್ಲು ಪಾಸ್ ಮಾಡ್ಕೊಂಡು ಬನ್ನಿ. ಆಮೇಲೆ ನಮ್ಗೆ ಮಾರ್ಕ್ಸ್ ಕೊಡೋರಂತೆ."

"ಬರ್ತೀನಿ. ನಿಮ್ಮ ಪಟ್ಟಿ ಮುಟ್ಟದನ ಬರ್ತೀನಿ."

ಎರಡನೆಯ ಸಾಲಿನಲ್ಲಿದ್ದ ನೀಲಾಬಾಯಿ ಹಣೆಗೆ ಕೈ ಒತ್ತಿಕೊಂಡರು.

ಅನಂತರದ ಒಂಬತ್ತು ದಿನ ದೇವೇಂದ್ರಪ್ಪ ಸಾರ್ವಜನಿಕ ಗ್ರಂಥಾಲಯದಿಂದ ತಂದ ಮೂರು ಪುಸ್ತಕ ಓದಿದರು. ಒಟ್ಟು ಸಾವಿರದ ನೂರ ನಲವತ್ತು ಪುಟ. ಸಂವಿಧಾನವನ್ನು ಎರಡು ಸಲ ಓದಿ, ಮೊದಲ ಸಲ ಓದಿದಾಗ ತಪ್ಪು ತಿಳಿದದ್ದನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡರು. ಊಟದ ಹೊತ್ತಿನಲ್ಲಿ ನಿವೇದಿತಾ, "ಅಪ್ಪಾ, ಪ್ಲೀಸ್, ಒಂದ್ಸಲ ಕಣ್ಣಾಡಿಸಿಬಿಡು. ಎರಡು ಚಾನ್ಸು ಅಷ್ಟೇ ಕೊಡ್ತಾರೆ. ಎರಡೂ ಹೋದ್ರೆ ಮತ್ತೆ ಮೊದಲಿಂದ ಅರ್ಜಿ. ನವೆಂಬರ್ ಮರೆತುಬಿಡು" ಎಂದಳು. ಅವರು ಸಾರು ಬಡಿಸಿಕೊಂಡರು.

ಮೇ ಹನ್ನೆರಡು, ಮಂಗಳವಾರ, ಒಂಬತ್ತು ನಲವತ್ತಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಕಚೇರಿಯಲ್ಲಿ ಒಬ್ಬ ಅಧಿಕಾರಿಣಿ ಅವರನ್ನು ಒಳಗೆ ಕರೆದಳು. ಇಂಗ್ಲಿಷ್ ಓದಿಸಿದಳು, ಬರೆಸಿದಳು. ಎರಡೂ ಸರಿಯಾಯಿತು. ಪ್ರಶ್ನೆ ಶುರುವಾದ ಮೇಲೆ ದೇವೇಂದ್ರಪ್ಪ ಬಲಗೈ ಬೆರಳಿನ ಗೆರೆಗಳಲ್ಲಿ ಸರಿಯನ್ನೂ, ಎಡಗೈಯಲ್ಲಿ ತಪ್ಪನ್ನೂ ಎಣಿಸುತ್ತ ಹೋದರು. ಸಂವಿಧಾನಕ್ಕೆ ಎಷ್ಟು ತಿದ್ದುಪಡಿ? ಇಪ್ಪತ್ತೇಳು. ಅದನ್ನು ಬರೆದದ್ದು ಯಾವಾಗ? 1787. ಇಂಥವು ಹನ್ನೊಂದು ಬಲಗೈಗೆ ಹೋದವು. ಆದರೆ ನಿಮ್ಮ ಕ್ಷೇತ್ರದ ಪ್ರತಿನಿಧಿ ಯಾರು, ನಿಮ್ಮ ರಾಜ್ಯದ ಸೆನೆಟರ್ ಒಬ್ಬರ ಹೆಸರು ಹೇಳಿ, ಸೈನಿಕರ ಹೆಸರಿನ ಎರಡು ರಜಾದಿನಗಳಲ್ಲಿ ಯಾವುದು ಮಡಿದವರಿಗೆ, ಯಾವುದು ಸೇವೆ ಮಾಡಿದವರಿಗೆ, ಇಂಥವು ಆ ಸಾವಿರದ ನೂರ ನಲವತ್ತು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಎಂಟು ಎಡಗೈಗೆ ಹೋದವು. ಉಳಿದದ್ದು ಒಂದೇ ಪ್ರಶ್ನೆ. ಪಾಸಾಗಲು ಬೇಕಾದದ್ದೂ ಒಂದೇ ಅಂಕ.

"ಅಮೆರಿಕದ ಒಂದು ಆವಿಷ್ಕಾರವನ್ನು ಹೆಸರಿಸಿ" ಎಂದಳು ಅಧಿಕಾರಿಣಿ.

ವಿಮಾನ ಎಂದಿದ್ದರೆ ಮುಗಿಯುತ್ತಿತ್ತು. ಬಲ್ಬು ಎಂದಿದ್ದರೂ ಆಗುತ್ತಿತ್ತು. ಗಾರ್ಗಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಉತ್ತರ ಬರುತ್ತಿತ್ತು. ಆದರೆ ದೇವೇಂದ್ರಪ್ಪ ವಿಜ್ಞಾನದ ಮೇಷ್ಟ್ರು. ಬಲ್ಬಿನ ಹಿಂದೆ ಎಷ್ಟು ದೇಶದ ಎಷ್ಟು ಜನರ ಕೈ ಇದೆ ಎಂದು ಮೂವತ್ತನಾಲ್ಕು ವರ್ಷ ಒಂಬತ್ತನೆಯ ತರಗತಿಗೆ ಹೇಳಿಕೊಂಡು ಬಂದವರು. ಅವರು ಬೆನ್ನು ನೆಟ್ಟಗೆ ಮಾಡಿ, ತಮ್ಮ ಶಾಲೆಯ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು:

"ಮೇಡಂ, ದಿಸ್ ಕ್ವೆಶ್ಚನ್ ಈಸ್ ಡಿಫೆಕ್ಟಿವ್. ಯಾವ ಆವಿಷ್ಕಾರವೂ ಒಂದೇ ದೇಶದ್ದಲ್ಲ. ಕೈಂಡ್ಲಿ ಗಿವ್ ಗ್ರೇಸ್ ಮಾರ್ಕ್."

ಗದಗಿನಲ್ಲಿ ಇದು ಸರಿಯಾದ ಕ್ರಮ. ಪ್ರಶ್ನೆಯಲ್ಲಿ ದೋಷವಿದ್ದರೆ ಎಲ್ಲರಿಗೂ ಒಂದು ಕೃಪಾಂಕ. ಅಧಿಕಾರಿಣಿ ಪಾಪ, ಒಳ್ಳೆಯವಳು. "ಒಂದೇ ಒಂದು ಉದಾಹರಣೆ ಸಾಕು, ಸರ್" ಎಂದಳು. ಮತ್ತೊಮ್ಮೆ ಪ್ರಶ್ನೆ ಓದಿದಳು. ಕಾದಳು. ದೇವೇಂದ್ರಪ್ಪನವರೂ ಕಾದರು, ಕೃಪಾಂಕಕ್ಕೆ. ಆಮೇಲೆ ಅವಳು ಗುರುತು ಹಾಕಿಕೊಂಡಳು. ಅವರು ಎಡಗೈಯ ಒಂಬತ್ತನೆಯ ಗೆರೆಯ ಮೇಲೆ ಹೆಬ್ಬೆರಳು ಒತ್ತಿದರು.

ಮನೆಯಲ್ಲಿ ನೀಲಾಬಾಯಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಬಿಟ್ಟರು.

"ವಿಮಾನ ಅನ್ನಾಕ ಏನ್ ಧಾಡಿ ಆಗಿತ್ರೀ ನಿಮಗ? ಅದರಾಗ ಕುಂತ ಗದಗಕ್ಕ ಹೋಗಬೇಕಾಗಿತ್ತಲ್ಲ!"

"ಪ್ರಶ್ನಿ ತಪ್ಪಿತ್ತು."

"ಪ್ರಶ್ನಿ ತಪ್ಪಿತ್ತು! ಆಕಿ ಏನು ನಿಮ್ಮ ಹತ್ರ ಪೇಪರ್ ತಿದ್ದಿಸಾಕ ಕರದಿದ್ಲು?"

ಅಷ್ಟರಲ್ಲಿ ಮಧ್ಯಾಹ್ನದಿಂದ ಬಳಗದ ವಾಟ್ಸಾಪ್ ಗುಂಪಿನಲ್ಲಿ ಮಧ್ವೇಶ ಮೂರು ಸಲ ವಿಚಾರಿಸಿದ್ದ. ಮೊದಲು 'ಎನಿ ನ್ಯೂಸ್ ಅಂಕಲ್?' ಆಮೇಲೆ ಗಂಟೆಯ ಚಿತ್ರ. ಆಮೇಲೆ ಬರೀ ನಗುವ ಮುಖ. ಅದಕ್ಕೆ ಹದಿನೇಳು ಜನ ಹೆಬ್ಬೆರಳು ಎತ್ತಿದ್ದರು. ಒಬ್ಬ ಮುದುಕನ ಫಲಿತಾಂಶಕ್ಕೆ ಹಲ್ಲು ಕಿರಿಯಲು ಇಂಜಿನಿಯರುಗಳು ಮೀಟಿಂಗಿನ ನಡುವೆ ಬಿಡುವು ಮಾಡಿಕೊಂಡಿದ್ದರು.

ಸಂಜೆ ಆರಕ್ಕೆ, ಗದಗಿನಲ್ಲಿ ಬೆಳಗಿನ ಆರೂವರೆ, ಫೋನು ಬಂತು. ಸಂತೋಷಕುಮಾರ. ಮೂವತ್ತನಾಲ್ಕು ವರ್ಷದ ಟ್ರ್ಯಾಕ್ಟರ್ ಡ್ರೈವರು, ಎರಡು ಮಕ್ಕಳ ತಂದೆ. ಸರ್ಕಾರಿ ಬಸ್ಸಿನ ಡ್ರೈವರಾಗಲು ಎಸ್ಸೆಸ್ಸೆಲ್ಸಿ ಬೇಕೆಂದು ವಿಜ್ಞಾನಕ್ಕೆ ಐದನೆಯ ಸಲ ಕೂತಿದ್ದ. ದೇವೇಂದ್ರಪ್ಪನವರ ಕಿವಿ ಸ್ವಲ್ಪ ಮಂದ, ಹಾಗಾಗಿ ಫೋನು ಯಾವಾಗಲೂ ಸ್ಪೀಕರಿನಲ್ಲಿ.

"ಸರ್, ಮೂರು ಮಾರ್ಕ್ಸಿಗೆ ಹೋತ್ರಿ. ನೀವು ಕೊಟ್ಟ ಪಾಸಿಂಗ್ ಪ್ಯಾಕೇಜಿನಾಗ ಅರವತ್ತು ಪ್ರಶ್ನಿ ಇದ್ವು. ನಾ ನಲವತ್ತ ಅಷ್ಟ ಬಾಯಿಪಾಠ ಮಾಡಿದ್ದೆ. ತಪ್ಪು ನಂದರಿ."

"ಉಳದ ಇಪ್ಪತ್ತರಾಗ ಎಷ್ಟ ಬಂದಿದ್ವು?"

"ನಾಕು ಬಂದಿದ್ವರಿ." ಆಮೇಲೆ ಕೇಳಿದ: "ಸರ್, ನವೆಂಬರಕ್ಕ ಬರ್ತೀರಲ್ಲ? ನೀವು ಬಂದ್ರ ಮತ್ತ ಕುಂದರತೀನಿ. ಇಲ್ಲಂದ್ರ ಬಿಟ್ಟಬಿಡತೀನ್ರಿ."

"ನೋಡೋಣಪಾ" ಎಂದರು ದೇವೇಂದ್ರಪ್ಪ. ಈ ಮಾತನ್ನು ಅವರು ಯಾವ ವಿದ್ಯಾರ್ಥಿಗೂ ಅದುವರೆಗೆ ಹೇಳಿರಲಿಲ್ಲ.

ಫೋನು ಇಟ್ಟ ಮೇಲೆ ನೀಲಾಬಾಯಿ ಎದುರಿನ ಕುರ್ಚಿಯಲ್ಲಿ ಕೂತರು. ಈ ಸಲ ದನಿ ಏರಿಸಲಿಲ್ಲ.

"ಒಂದು ಮಾತು ಕೇಳ್ತೀನಿ. ಅರವತ್ತು ಪ್ರಶ್ನಿ, ಅರವತ್ತು ಉತ್ತರ ನೀವು ಬರದು ಕೊಟ್ರ ಅದು ಪಾಸಿಂಗ್ ಪ್ಯಾಕೇಜ್. ಇವರು ಕೊಟ್ರ ಪೇಪರ್ ಔಟ್?"

"ಅದು ಬ್ಯಾರೆ."

"ಹೆಂಗ ಬ್ಯಾರೆ?"

"ಅವರು ಐದೈದು ಸಲ ಫೇಲಾದವರು. ಏನರ ಹಿಡಕೊಳ್ಳಾಕ ಕೊಡಬೇಕು ಅವರಿಗೆ."

"ನೀವೂ ಒಂದು ಸಲ ಆಗೀರಿ. ಆ ಮಧ್ವೇಶನ ಮ್ಯಾಲಿನ ಸೊಕ್ಕಿಗೆ ಇನ್ನೊಂದು ಸಲ ಆದ್ರ, ಮೂವತ್ತೆಂಟು ಮಂದಿ ಗೋದಾಮಿನ ಬಾಗಲಾ ನೋಡಿ ಹೊಳ್ಳಿ ಹೋಗ್ತಾರ. ಅಷ್ಟ ಲೆಕ್ಕ."

ಮರುದಿನ ಬೆಳಿಗ್ಗೆ ಏಳಕ್ಕೆ ದೇವೇಂದ್ರಪ್ಪ ಕಪಾಟಿನಿಂದ ಕವರು ಇಳಿಸಿದರು. ಒಡೆಯುವ ಮೊದಲು ಮುದ್ರೆ ಭದ್ರವಾಗಿದೆ ಎಂದು ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ಒಂದು ಸಹಿ ನೀಲಾಬಾಯಿ ಹಾಕಿದರು, ಕಣ್ಣು ತಿರುಗಿಸಿಕೊಂಡೇ. ಇನ್ನೊಂದು ಗಾರ್ಗಿ ಹಾಕಿ, ಪಕ್ಕದಲ್ಲಿ ಒಂದು ಬೆಕ್ಕು ಬರೆದಳು.

ಪಟ್ಟಿ ಓದಿದ ಮೇಲೆ ಅವರ ತಾತ್ಸಾರ ಕಡಿಮೆಯಾಗಲಿಲ್ಲ. ಅದಕ್ಕೆ ಆಧಾರ ಸಿಕ್ಕಿತು. ಆವಿಷ್ಕಾರದ ಪ್ರಶ್ನೆಗೆ ಸರಿಯುತ್ತರಗಳ ಸಾಲಿನಲ್ಲಿ ಮೋಟಾರು ಕಾರು ಇತ್ತು. ಮೋಟಾರು ಕಾರು ಮೊದಲು ಓಡಿದ್ದು ಜರ್ಮನಿಯಲ್ಲಿ ಎಂದು ಅವರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದರು. ನೂರ ಇಪ್ಪತ್ತೆಂಟು ಪ್ರಶ್ನೆಗಳನ್ನು ಎರಡು ಗುಂಪು ಮಾಡಿದರು: ನೆನಪು ಅಳೆಯುವುದು, ತಿಳಿವಳಿಕೆ ಅಳೆಯುವುದು. ಮೊದಲ ಗುಂಪಿಗೆ ನೂರ ಒಂಬತ್ತು, ಎರಡನೆಯದಕ್ಕೆ ಹತ್ತೊಂಬತ್ತು. ದೇಶದ ಮೇಲಿನ ಪ್ರೀತಿ ಅಳೆಯುವುದು ಎಂದು ಮೂರನೆಯ ಕಾಲಂ ಎಳೆದಿದ್ದರು. ಅದು ಖಾಲಿ ಉಳಿಯಿತು. ಆಮೇಲೆ ರಿಪೀಟರುಗಳಿಗೆ ಹೇಳಿಕೊಟ್ಟ ಹಾಗೆಯೇ, ದಿನಕ್ಕೆ ಎಂಟರಂತೆ, ಹದಿನಾರು ದಿನದಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡಿದರು. ಒಪ್ಪಿಸಿಕೊಂಡವಳು ಗಾರ್ಗಿ. ತಪ್ಪಿದಾಗ "ಅಜ್ಜಾ, ಫೋಕಸ್!" ಎನ್ನುತ್ತಿದ್ದಳು.

ಜುಲೈ ಇಪ್ಪತ್ತೊಂದಕ್ಕೆ ಎರಡನೆಯ ಸಲ. ಈ ಸಲ ಅಧಿಕಾರಿ ಬೇರೆ, ಪ್ರಶ್ನೆಗಳೂ ಬೇರೆ, ಆದರೆ ಏಳನೆಯದಾಗಿ ಆ ಆವಿಷ್ಕಾರದ ಪ್ರಶ್ನೆ ಮತ್ತೆ ಬಂತು. ದೇವೇಂದ್ರಪ್ಪ ಒಂದು ಕ್ಷಣ ಮೇಜಿನ ಅಂಚು ನೋಡಿದರು.

"ಆ್ಯಸ್ ಪರ್ ಯುವರ್ ಲಿಸ್ಟ್," ಎಂದರು, "ಮೋಟಾರ್ ಕಾರ್."

ಹನ್ನೆರಡನೆಯ ಉತ್ತರಕ್ಕೆ ಅಧಿಕಾರಿ ಪೆನ್ನು ಕೆಳಗಿಟ್ಟ. ಹನ್ನೆರಡು ಕೇಳಿ ಹನ್ನೆರಡೂ ಸರಿ.

"ಇನ್ನೂ ಎಂಟು ಪ್ರಶ್ನೆ ಇದೆ, ಸರ್" ಎಂದರು ದೇವೇಂದ್ರಪ್ಪ.

"ನೀವು ಪಾಸ್. ಇನ್ನು ಕೇಳುವುದಿಲ್ಲ."

"ಪೂರ್ತಿ ಕೇಳದೆ ಮೌಲ್ಯಮಾಪನ ಹೇಗೆ ಆಗುತ್ತದೆ?"

ಅಧಿಕಾರಿ ನಕ್ಕು ಎದ್ದು ಕೈ ಕುಲುಕಿದ. ಅರ್ಧಕ್ಕೆ ನಿಲ್ಲಿಸಿದ ಆ ಪರೀಕ್ಷೆಯ ಅಂಕವನ್ನು ದೇವೇಂದ್ರಪ್ಪ ತಮ್ಮ ಡೈರಿಯಲ್ಲಿ ಬರೆಯಲೇ ಇಲ್ಲ. ಅಲ್ಲಿ ಇದ್ದದ್ದು ಮೇ ಹನ್ನೆರಡರದು ಮಾತ್ರ: ಇಪ್ಪತ್ತಕ್ಕೆ ಹನ್ನೊಂದು. ಮನೆಗೆ ಬಂದು ಸಂತೋಷಕುಮಾರನಿಗೆ ಫೋನು ಮಾಡಿದರು. "ನವೆಂಬರ್ ಎರಡು, ಸೋಮವಾರ, ಮುಂಜಾನೆ ಏಳು. ಉಳದ ಇಪ್ಪತ್ತೂ ಮಾಡ್ಕೊಂಡು ಬಾ. ಒಂದು ಕಡಿಮಿ ಆದ್ರ ಹೊರಗ ನಿಲ್ಲಸ್ತೀನಿ."

ಆಗಸ್ಟಿನಲ್ಲಿ ಪ್ರಮಾಣವಚನ ಮುಗಿಯಿತು. ಹದಿನೈದನೆಯ ತಾರೀಖು ಬಳಗದ ಸ್ವಾತಂತ್ರ್ಯೋತ್ಸವ. ಭಾರತದ ಬಾವುಟ ಹಾರಿಸಿ, ಅದರ ಕೆಳಗೇ ಹೊಸ ಅಮೆರಿಕನ್ ಪ್ರಜೆಗಳಿಗೆ ಶಾಲು ಹೊದಿಸುವ ಕಾರ್ಯಕ್ರಮ. ಇದರಲ್ಲಿ ವಿಚಿತ್ರವಾದದ್ದು ಏನಾದರೂ ಇದೆಯೆಂದು ಯಾರಿಗೂ ಅನಿಸಿದಂತಿರಲಿಲ್ಲ. ಏಳು ಜನರಿಗೆ ಶಾಲು, ಕೊನೆಯವರು ದೇವೇಂದ್ರಪ್ಪ. ಹೊದಿಸಿದವನು ಮಧ್ವೇಶ. ಪಿನ್ನು ಅದೇ, ಜುಬ್ಬಾ ಹೊಸದು. ಅವನು ಮೈಕನ್ನು ಕೈಗೆ ತೆಗೆದುಕೊಂಡ.

"ಫ್ರೆಂಡ್ಸ್, ನಮ್ಮ ದೇವೇಂದ್ರಪ್ಪ ಅಂಕಲ್ ಎಲ್ಲರ ಮುಂದೆ ಚಾಲೆಂಜ್ ಮಾಡಿದ್ರು, ನೆನಪಿದ್ಯಾ? ಲಿಸ್ಟು ಮುಟ್ಟಲ್ಲ ಅಂತ? ಹೇಳಿ ಅಂಕಲ್, ಕೊನೆಗೆ ಮುಟ್ಟಿದ್ರಾ ಇಲ್ವಾ?"

"ಮುಟ್ಟಿದೆ. ಮದಲನೇ ಸಲ ಮುಟ್ಟಲಿಲ್ಲ, ಫೇಲಾದೆ. ಎರಡನೇ ಸಲ ಮುಟ್ಟಿ, ನಿಮ್ಮ ಹಂಗ ಪಾಸಾದೆ."

ಸಭೆ ಗೊಳ್ಳೆಂದಿತು. ಮಧ್ವೇಶ ಬಿಡಲಿಲ್ಲ. "ಸರಿ ಸರಿ, ಸ್ಕೋರ್ ಹೇಳಿ ಅಂಕಲ್! ನಂದು ಆರು ಅಂತ ಆವತ್ತು ಎಲ್ಲರಿಗೂ ಹೇಳಿದ್ರಿ. ನಿಮ್ಮದು ಎಷ್ಟು?"

ಎರಡನೆಯ ಸಾಲಿನಲ್ಲಿ ನೀಲಾಬಾಯಿ ಚೀಲದೊಳಗೆ ಅಕ್ಟೋಬರ್ ಮೂವತ್ತರ ವಿಮಾನದ ಟಿಕೇಟು ಇಟ್ಟುಕೊಂಡು ಕೂತಿದ್ದರು. ಹನ್ನೆರಡು ಎನ್ನಲಿ ಎಂದು ಅವರ ತುಟಿ ಆಡುತ್ತಿತ್ತು. ದೇವೇಂದ್ರಪ್ಪ ಶಾಲನ್ನು ಹೆಗಲಿನಿಂದ ತೆಗೆದು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡರು. ಮೈಕಿನತ್ತ ಬಾಗಿ, ತರಗತಿಯಲ್ಲಿ ಫಲಿತಾಂಶ ಓದುವ ದನಿಯಲ್ಲಿ ಹೇಳಿದರು:

"ಹನ್ನೊಂದು."